ತಾರಸಿಯ ಮೇಲೊಂದು ಹಾಯಿದೋಣಿ

ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ, ಹೇಳಿಕೊಳ್ಳುವಂತಹ ಹೊಳೆಯೊಂದೂ ಇಲ್ಲದ ಬೆಂಗಳೂರಿನಲ್ಲಿ ಹಾಯಿದೋಣಿ ಕಟ್ಟುವವರನ್ನು ಕಂಡರೆ ಜನ ನಗುವುದು ಸಹಜ. ಆರ್.ಟಿ. ನಗರದ ನಮ್ಮ ಬೀದಿಯವರೂ ನಕ್ಕರು. ಕೆಲವರು "ನೋಹನ ನಾವೆ ಎಲ್ಲಿಯವರೆಗೆ ಬಂತು?" ಎಂದು ಯಜಮಾನರನ್ನು ಕೇಳುತ್ತಿದ್ದರು. "ಪ್ರಾಣಿಗಳು ಇನ್ನೂ ಬಂದಿಲ್ಲ, ನೀವು ಬಂದಿರಲ್ಲ, ಕುಳಿತುಕೊಳ್ಳಿ" ಎಂದು ಅವರು ಉತ್ತರ ಕೊಡುತ್ತಿದ್ದರು. ಆ ದಿನಗಳಲ್ಲಿ ಅವರು ತಮಾಷೆ ಮಾಡುವುದೇ ಅಪರೂಪವಾಗಿತ್ತಾದ್ದರಿಂದ ಅಂತಹ ಪ್ರಶ್ನೆಗಳು ನನಗೆ ಪ್ರಿಯವಾಗಿದ್ದವು.

ನಮ್ಮ ಯಜಮಾನರು ಹುಟ್ಟಿ ಬೆಳೆದದ್ದು ಉಡುಪಿಯ ಬಳಿಯ ಕೆಮ್ಮಣ್ಣಿನಲ್ಲಿ, ಸ್ವರ್ಣಾ ನದಿಯ ಹಿನ್ನೀರಿನ ದಡದಲ್ಲಿ. ಅವರ ಬಾಲ್ಯದಲ್ಲಿ ಮರಳಿನ ದೋಣಿಗಳು, ಮೀನಿನ ದೋಣಿಗಳು ಗಾಳಿ ಅನುಕೂಲವಾದಾಗ ಗೋಣಿ ಬಟ್ಟೆಯ ಹಾಯಿ ಏರಿಸಿಕೊಂಡು ಹೋಗುತ್ತಿದ್ದುದನ್ನು ನಮ್ಮ ಮದುವೆಯಾದಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಕೆಲಸ ಮಾತ್ರ ನೀರಿಗೆ ಸಂಬಂಧವಿಲ್ಲದ್ದು. 1980ರಲ್ಲಿ ಜಾಲಹಳ್ಳಿಯ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಗೆ ಸೇರಿದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಆರಂಭವಾಗಿದ್ದ ಆ ಕಾರ್ಖಾನೆಯಲ್ಲಿ ಗಡಿಯಾರದ ಒಳಗಿನ ಚಕ್ರಗಳನ್ನು ಜೋಡಿಸುವುದು ಅವರ ಕೆಲಸವಾಗಿತ್ತು. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ, ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವಂತಹ ತಿರುಪು. 2016ರಲ್ಲಿ ಕೈಗಡಿಯಾರದ ಕಂಪನಿಯನ್ನು ಮುಚ್ಚುವ ನಿರ್ಧಾರವಾದಾಗ ಸ್ವಯಂನಿವೃತ್ತಿ ಪಡೆದು ಮನೆಗೆ ಬಂದರು. ಅದನ್ನು ಅವರು ತಾಳಿಕೊಂಡರು. 2021ರಲ್ಲಿ ಬಂದದ್ದನ್ನು ತಾಳಿಕೊಳ್ಳುವುದು ಕಷ್ಟವಾಯಿತು.

ಬಲಗೈಯ ಹೆಬ್ಬೆರಳೂ ತೋರುಬೆರಳೂ ಮಾತ್ರೆ ಉರುಳಿಸುವಂತೆ ತಮ್ಮಷ್ಟಕ್ಕೆ ತಾವೇ ಆಡತೊಡಗಿದವು. ವೈದ್ಯರು ಪಾರ್ಕಿನ್ಸನ್ ಕಾಯಿಲೆ ಎಂದರು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಮೊದಲು ವಿವರವಾಗಿ ಬರೆದಿಟ್ಟ ರೋಗವಿದು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ಜನರು ಇದನ್ನು ನಡುಕದ ರೋಗವೆಂದೇ ಬಲ್ಲರು. ಆದರೆ ಹತ್ತಿರದಿಂದ ನೋಡಿದ ನಾನು ಕಂಡದ್ದು ಬೇರೆ. ಕೈ ನಡುಗುವುದು ಸುಮ್ಮನಿದ್ದಾಗ. ಉಳಿ ಹಿಡಿದರೆ, ತೋಪಡ ಎಳೆದರೆ ನಡುಕ ಬಹುಮಟ್ಟಿಗೆ ನಿಲ್ಲುತ್ತದೆ. ಹೋಗುವುದು ಸೂಕ್ಷ್ಮ ಚಲನೆ. ಅಂಗಿಯ ಗುಂಡಿ ಹಾಕಲು ಐದು ನಿಮಿಷ ಬೇಕು, ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ, ದನಿ ತಗ್ಗುತ್ತದೆ. ಮೂವತ್ತಾರು ವರ್ಷ ಕೂದಲೆಳೆಯಷ್ಟು ನಯದ ಕೆಲಸ ಮಾಡಿದ ಮನುಷ್ಯನಿಗೆ ಮೊದಲು ಹೋದದ್ದು ಅದೇ. ದೇವಾಲಯದಲ್ಲಿ ವಾಚನ ಓದುವುದನ್ನು ಬಿಟ್ಟರು. ಆಮೇಲೆ ಹಿಂದಿನ ಸಾಲಿಗೆ ಸರಿದರು. ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಜನರೊಡನೆ ಮಾತನಾಡುತ್ತಿದ್ದರು.

ದೋಣಿಯ ಮಾತು ತೆಗೆದವಳು ಮೊಮ್ಮಗಳು. ಯಲಹಂಕ ಉಪನಗರದಲ್ಲಿರುವ ಮಗನ ಮಗಳು, ಆಗ ಅವಳಿಗೆ ಹತ್ತು ವರ್ಷ. ಪ್ರತಿ ಶನಿವಾರ ನಮ್ಮಲ್ಲಿಗೆ ಬರುತ್ತಾಳೆ. "ತಾತ, ನೀವು ಹೇಳುವ ಹಾಯಿದೋಣಿ ನಾವೇ ಮಾಡಬಹುದಾ?" ಎಂದಳು. ಮಾಡಬಹುದಾದ ದೋಣಿಯೊಂದು ಲೋಕದಲ್ಲಿ ಇದ್ದೇ ಇತ್ತು. 1947ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರರು ಮಕ್ಕಳಿಗೆಂದೇ ರೂಪಿಸಿದ ದೋಣಿ ಅದು. ಎಂಟಡಿ ಉದ್ದ ನಾಲ್ಕಡಿ ಅಗಲದ ಎರಡು ಪ್ಲೈವುಡ್ ಹಲಗೆಗಳಿಂದ, ಗ್ಯಾರೇಜಿನಲ್ಲಿ, ತಂದೆ ಮಕ್ಕಳು ಸೇರಿ ಕಟ್ಟುವಂತಿರಬೇಕೆಂಬುದು ಷರತ್ತು. ಮೂತಿ ಮೊಂಡಾದ, ನೋಡಲು ಸ್ನಾನದ ತೊಟ್ಟಿಯಂತಿರುವ ಅದಕ್ಕೆ ಆಪ್ಟಿಮಿಸ್ಟ್ ಎಂದು ಹೆಸರು. ಅದಕ್ಕೆ ಪ್ರೋತ್ಸಾಹ ನೀಡಿದ ಕ್ಲಬ್ಬಿನ ಹೆಸರೇ ಅದು. ಉದ್ದ ಸುಮಾರು 2.3 ಮೀಟರ್, ತೂಕ 35 ಕಿಲೋ, ಹಾಯಿ 3.3 ಚದರ ಮೀಟರಿನಷ್ಟು, ಅಂದರೆ ನಮ್ಮ ಒಂದು ಸೀರೆಯ ಅರ್ಧ. ಇಂದು ನೂರಕ್ಕೂ ಹೆಚ್ಚು ದೇಶಗಳ ಮಕ್ಕಳು ಹಾಯಿ ನಡೆಸುವುದನ್ನು ಕಲಿಯುವುದು ಇದರಲ್ಲೇ. ಹೈದರಾಬಾದಿನ ಹುಸೇನ್ ಸಾಗರದಲ್ಲಿಯೂ ಇವುಗಳ ಸ್ಪರ್ಧೆ ನಡೆಯುತ್ತದೆ.

ಒಡಲಿನ ಕೆಲಸವನ್ನು ವಿಸ್ತರಿಸುವುದಿಲ್ಲ, ಆದರೆ ಪ್ಲೈವುಡ್ಡಿನ ಒಂದು ಪ್ರಸಂಗವನ್ನು ಬಿಡಲಾರೆ. ನೀರಿಗೆ ತಾಳುವ ಪ್ಲೈವುಡ್ಡಿಗೆ ನಮ್ಮ ದೇಶದಲ್ಲಿ ಐ.ಎಸ್. 710 ಎಂಬ ಮಾನಕವಿದೆ. ಅದರ ಮಾದರಿಯನ್ನು 72 ಗಂಟೆಗಳ ಕಾಲ ಕುದಿಸಿದರೂ ಅಂಟು ಬಿಡಬಾರದು. ಯಶವಂತಪುರದಾಚೆ ತುಮಕೂರು ರಸ್ತೆಯಲ್ಲಿ ಪ್ಲೈವುಡ್ಡಿನ ಸಂಶೋಧನೆಗೆಂದೇ 1962ರಲ್ಲಿ ಸಂಸ್ಥೆಯೊಂದು ಆರಂಭವಾದ ಊರು ನಮ್ಮದು. ಆದರೂ ಅಂಗಡಿಯೊಂದರವರು ಮುದ್ರೆ ತೋರಿಸಿ ಕೊಟ್ಟ ಹಲಗೆಯ ತುಂಡನ್ನು ಯಜಮಾನರು ನನ್ನ ಅಡುಗೆಮನೆಯಲ್ಲಿ ಕುದಿಯಲಿಟ್ಟಾಗ ಆರನೆಯ ಗಂಟೆಗೇ ಅದು ಹಳೆಯ ಪುಸ್ತಕದಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಎರಡನೆಯ ಅಂಗಡಿಯ ತುಂಡು ಮೂರು ದಿನ ಕುದಿಯಿತು. ಅಂಟು ಬಿಡಲಿಲ್ಲ. ಗ್ಯಾಸ್ ಸಿಲಿಂಡರ್ ಮಾತ್ರ ಮುಗಿಯಿತು. ಆ ಹಲಗೆಗಳನ್ನು ಕತ್ತರಿಸಿ, ತಾಮ್ರದ ತಂತಿಯಿಂದ ಅಂಚಿಗೆ ಅಂಚು ಹೊಲಿದು, ಸಂದುಗಳಿಗೆ ಎಪಾಕ್ಸಿ ಅಂಟನ್ನೂ ಗಾಜಿನ ನಾರಿನ ಪಟ್ಟಿಯನ್ನೂ ಹಚ್ಚಿದರು. ಮೂಲೆಗಳಿಗೆ ಹಳೆಯ ಕಿಟಕಿಯ ತೇಗ, ಮಂಚದ ಕಾಲಿನ ಹೊನ್ನೆ, ಎಲ್ಲೋ ಸಿಕ್ಕ ಹಲಸು. ಈ ಮಿಶ್ರಣಕ್ಕೆ ನಾಚಬೇಕಾಗಿಲ್ಲ. 1986ರ ಬರಗಾಲದಲ್ಲಿ ಗಲಿಲೇಯ ಸರೋವರದ ನೀರು ಇಳಿದಾಗ ಕೆಸರಿನಲ್ಲಿ ದೊರೆತ, ಪ್ರಭುವಿನ ಕಾಲದ್ದೆನ್ನಲಾದ ಮೀನುಗಾರರ ದೋಣಿಯಲ್ಲಿಯೂ ಹತ್ತು ಹನ್ನೆರಡು ಬಗೆಯ ಮರಗಳಿದ್ದವಂತೆ. ಬಡವರು ಕೈಗೆ ಸಿಕ್ಕಿದ ತುಂಡಿನಿಂದ ತೇಪೆ ಹಾಕುತ್ತಾ ಬಹುಕಾಲ ಬಳಸಿದ ದೋಣಿ ಅದು.

ಒಡಲು ಸಿದ್ಧವಾದ ಮೇಲೆ ದೋಣಿ ಮುಗಿಯಿತೆಂದು ನಾನು ಭಾವಿಸಿದ್ದೆ. "ಇದು ಈಗ ತೊಟ್ಟಿ, ದೋಣಿಯಾಗುವುದು ಇನ್ನು ಮೇಲೆ" ಎಂದರು ಯಜಮಾನರು. ಕೂವೆಕಂಬ, ಹಾಯಿ, ಹಾಯಿಯ ಬುಡದ ಅಡ್ಡಗೋಲು, ಮೂಲೆಯಿಂದ ಮೂಲೆಗೆ ಹಾಯಿಯನ್ನು ಎತ್ತಿ ಹಿಡಿಯುವ ಓರೆಗೋಲು, ನಡುಹಲಗೆ, ಚುಕ್ಕಾಣಿ, ರಾಟೆಗಳು, ಹಗ್ಗಗಳು. ಒಡಲಿಗೆ ನಾಲ್ಕು ತಿಂಗಳು ಹಿಡಿದಿದ್ದರೆ ಇವಕ್ಕೆ ಏಳು ತಿಂಗಳು ಹಿಡಿಯಿತು.

ಹಾಯಿ ಹೊಲಿಯಲು ಯಾವ ದರ್ಜಿಯೂ ಒಪ್ಪಲಿಲ್ಲ. ಕಡೆಗೆ ಒಪ್ಪಿದವರು ಆಟೋರಿಕ್ಷಾಗಳ ಹುಡ್ ಹೊಲಿಯುವ ಒಬ್ಬ ಸಾಹೇಬರು. ಅವರ ಬಳಿ ದಪ್ಪ ಬಟ್ಟೆಯನ್ನು ಎಳೆಯಬಲ್ಲ ಬಲವಾದ ಯಂತ್ರವಿತ್ತು, ಬಿಸಿಲು ಮಳೆಗೆ ಕೊಳೆಯದ ಪಾಲಿಯೆಸ್ಟರ್ ದಾರವಿತ್ತು. ಹಾಯಿಯೆಂದರೆ ಚಪ್ಪಟೆಯಾದ ಬಟ್ಟೆಯಲ್ಲ ಎಂಬುದು ನಮಗೆಲ್ಲ ತಿಳಿದದ್ದು ಅಲ್ಲಿಯೇ. ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆಯ ಪಟ್ಟಿಗಳ ಅಂಚನ್ನು ಸ್ವಲ್ಪವೇ ಬಾಗಿಸಿ ಕತ್ತರಿಸಬೇಕು. ಬಾಗಿದ ಅಂಚಿಗೆ ನೇರ ಅಂಚನ್ನು ಕೂಡಿಸಿ ಹೊಲಿದಾಗ ಬಟ್ಟೆಗೆ ಹೊಟ್ಟೆ ಬರುತ್ತದೆ. ಆ ಹೊಟ್ಟೆ ಕಂಬದ ಕಡೆಗೆ ಹೆಚ್ಚಾಗಿ, ಹಿಂದಕ್ಕೆ ಹೋದಂತೆ ಚಪ್ಪಟೆಯಾಗಬೇಕು. ಸಾಹೇಬರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾಯಿತು. "ರವಿಕೆಗೆ ಟಕ್ ಹಿಡಿದಂತೆ ಅಲ್ಲವೇ?" ಎಂದರು. ನಾನು ಹೌದೆಂದೆ. ಅಳತೆ ಚೀಟಿಯ ಮೇಲೆ ಯಜಮಾನರ ಅಕ್ಷರ ಇರುವೆಯಷ್ಟು ಸಣ್ಣದಾಗಿದ್ದುದರಿಂದ ಮೊಮ್ಮಗಳು ದೊಡ್ಡದಾಗಿ ಬರೆದುಕೊಟ್ಟಳು.

ಕಂಬಕ್ಕೆ ಅಲ್ಯೂಮಿನಿಯಂ ಕೊಳವೆ, ಅಡ್ಡಗೋಲಿಗೆ ಮರ, ಓರೆಗೋಲಿಗೆ ಬಿದಿರು. ಬಿದಿರಿನಷ್ಟು ಹಗುರವೂ ಗಟ್ಟಿಯೂ ಆದದ್ದು ಹಣ ಕೊಟ್ಟರೂ ಸಿಗುವುದಿಲ್ಲ ಎಂಬುದು ಅವರ ಅಭಿಪ್ರಾಯ, ನನ್ನದೂ ಹೌದು. ಪೀಣ್ಯದ ಸಣ್ಣ ಲೇತ್ ಶೆಡ್ಡೊಂದರಲ್ಲಿ ತುಕ್ಕು ಹಿಡಿಯದ ಉಕ್ಕಿನ ಕೊಂಡಿಗಳನ್ನು ಮಾಡಿಸಿದರು. ಆದರೆ ಉಕ್ಕಿನ ತಿರುಪನ್ನು ಅಲ್ಯೂಮಿನಿಯಂ ಕಂಬಕ್ಕೆ ನೇರವಾಗಿ ಬಿಗಿದರೆ ಉಪ್ಪುನೀರು ತಾಗಿದಾಗ ಅವೆರಡೂ ಸೇರಿ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಆದ್ದರಿಂದ ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆಗಳನ್ನು ಇಟ್ಟರು. ಇಂತಹ ವಿಷಯಗಳಲ್ಲಿ ಅವರ ಗಡಿಯಾರದ ಬುದ್ಧಿ ಹಾಗೆಯೇ ಇತ್ತು.

ಇಷ್ಟರಲ್ಲಿ ಮಗನ ಮಾತು ಬಂತು. ಅವನಿಗೆ ನಾಗವಾರದ ಬಳಿ ತಂತ್ರಾಂಶ ಕಂಪನಿಯಲ್ಲಿ ಕೆಲಸ. ಶನಿವಾರ ಮಗಳನ್ನು ಬಿಟ್ಟು ಭಾನುವಾರ ಸಂಜೆ ಕರೆದೊಯ್ಯುತ್ತಿದ್ದ. ದೋಣಿ ತಾರಸಿಯ ಮೇಲೆ ಇರುವವರೆಗೂ ಅದು ತಂದೆಯ ಆರೋಗ್ಯಕ್ಕೆ ಒಳ್ಳೆಯ ಹವ್ಯಾಸವೆಂದೇ ಅವನ ಎಣಿಕೆ. ಅದು ನೀರಿಗೆ ಇಳಿಯುವುದು ನಿಜವೆಂದು ತಿಳಿದ ದಿನ ಮೆಟ್ಟಿಲ ಮೇಲೆ ನಿಂತು, "ಅಪ್ಪಾ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕೈ ಕಟ್ಟಿದ ಗಂಟನ್ನು ನಂಬಿ ನನ್ನ ಮಗಳನ್ನು ನೀರಿಗೆ ಬಿಡುವುದಕ್ಕೆ ನನ್ನಿಂದ ಆಗುವುದಿಲ್ಲ" ಎಂದುಬಿಟ್ಟ. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಅವರ ಕೈ ತೊಡೆಯ ಮೇಲೆ ಆಡುತ್ತಲೇ ಇತ್ತು. ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ನನ್ನೊಡನೆ, "ಅವನು ಹೇಳಿದ್ದು ಸರಿ. ಇನ್ನು ಒಂದು ಗಂಟನ್ನೂ ನಾನು ಕಟ್ಟುವುದಿಲ್ಲ" ಎಂದರು. ಕೆಲಸ ನಿಂತಿತೆಂದು ನಾನು ಅಂದುಕೊಂಡೆ. ಮುಂದಿನ ಶನಿವಾರ ಮೊಮ್ಮಗಳ ಕೈಗೆ ಒಂದು ಮಾರು ಹಗ್ಗ ಕೊಟ್ಟು ಎದುರಿಗೆ ಕೂರಿಸಿಕೊಂಡರು.

ಜಾರದ ಕುಣಿಕೆಯೊಂದನ್ನು ನಾವಿಕರು ಬೋಲೈನ್ ಎನ್ನುತ್ತಾರೆ. ನಮ್ಮ ಜೀರುಗುಣಿಕೆ ಎಳೆದಷ್ಟೂ ಬಿಗಿಯುವಂಥದ್ದು. ಇದು ಎಷ್ಟು ಎಳೆದರೂ ಅಷ್ಟೇ ಅಗಲವಿದ್ದು, ಬೇಕಾದಾಗ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ಅವರು ಕಲಿಸಿದ ಬಗೆ ಹೀಗೆ: ಇದು ಹುತ್ತ, ಇದು ಮರ. ಹಾವು ಹುತ್ತದಿಂದ ಮೇಲೆ ಬಂತು, ಮರವನ್ನು ಹಿಂದಿನಿಂದ ಸುತ್ತಿತು, ಮರಳಿ ಅದೇ ಹುತ್ತ ಹೊಕ್ಕಿತು. ಹಗ್ಗ ರಾಟೆಯಿಂದ ಜಾರಿಹೋಗದಂತೆ ತುದಿಗೆ ಎಂಟರ ಆಕಾರದ ಗಂಟು. ಕಂಬಕ್ಕೆ ಹಾಯಿಯನ್ನು ಕಟ್ಟುವ ಸಣ್ಣ ದಾರಗಳಿಗೆ ಎಡದ ಮೇಲೆ ಬಲ, ಬಲದ ಮೇಲೆ ಎಡ ಬರುವ ಗಂಟು. ಈ ದಾರಗಳೇ ನಿಜವಾದ ಪರೀಕ್ಷೆ. ಆಪ್ಟಿಮಿಸ್ಟ್ ದೋಣಿಯ ನಿಯಮಗಳಂತೆ ಹಾಯಿಗೂ ಕಂಬಕ್ಕೂ ನಡುವೆ 10 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ತೀರಾ ಬಿಗಿದರೆ ಬಟ್ಟೆ ಮುದುರುತ್ತದೆ, ಸಡಿಲ ಬಿಟ್ಟರೆ ಹಾಯಿಯ ಆಕಾರ ಕೆಡುತ್ತದೆ. ಮೊಮ್ಮಗಳು ಕಟ್ಟುವಳು, ಅವರು ಭೂತಗನ್ನಡಿ ಹಾಕಿಕೊಂಡು ಅಳೆಯುವ ಪಟ್ಟಿ ಇಟ್ಟು ನೋಡುವರು, "ಮೂರನೆಯದು ಅರ್ಧ ಮಿಲಿಮೀಟರ್ ಹೆಚ್ಚು" ಎನ್ನುವರು. ಅವಳು ಬಿಚ್ಚಿ ಮತ್ತೆ ಕಟ್ಟುವಳು. ಕಾರ್ಖಾನೆಯಲ್ಲಿ ಅವರ ಕೈಕೆಳಗೆ ಕಲಿತವರೂ ಹೀಗೆಯೇ ಗೊಣಗುತ್ತಿದ್ದಿರಬೇಕು. ಪ್ರತಿಯೊಂದು ಗಂಟನ್ನೂ ಅವರು ಎರಡು ಕೈಯಲ್ಲಿ ಹಿಡಿದು ಮೈಭಾರ ಹಾಕಿ ಜಗ್ಗುವರು. ಅವರ ಹಿಡಿತಕ್ಕೆ ಏನೂ ಆಗಿರಲಿಲ್ಲ.

ಈ ಕೆಲಸಕ್ಕೆಲ್ಲ ಒಂದು ಸಮಯವಿತ್ತು. ಲೆವೊಡೋಪ ಎಂಬ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನ ಮೇಲೆ ಮೈ ಹಗುರವಾಗುತ್ತದೆ, ಕೆಲವು ಗಂಟೆಗಳ ಬಳಿಕ ಮತ್ತೆ ಭಾರ. ಊಟದೊಡನೆ ತೆಗೆದುಕೊಂಡರೆ ಬೇಳೆ ಮೊಟ್ಟೆಗಳ ಪ್ರೋಟೀನ್ ಅದರ ಕೆಲಸಕ್ಕೆ ಅಡ್ಡಬರುತ್ತದೆ. ಆದ್ದರಿಂದ ನಮ್ಮ ಮನೆಯ ಶನಿವಾರದ ಊಟ ತಿಂಡಿಗಳ ವೇಳೆ ದೋಣಿಯ ಅನುಕೂಲ ನೋಡಿಕೊಂಡು ನಿಗದಿಯಾಯಿತು. "ಗಾಳಿ ಬರುವ ಹೊತ್ತು ನೋಡಿಕೊಂಡು ತಾನೇ ಹಾಯಿ ಏರಿಸುವುದು?" ಎನ್ನುತ್ತಿದ್ದರು.

ಮೊದಲ ಸಲ ತಾರಸಿಯ ಮೇಲೆಯೇ ಹಾಯಿ ಏರಿಸಿದ್ದು 2023ರ ಜುಲೈ ತಿಂಗಳಿನಲ್ಲಿ. ಆಷಾಢದ ಗಾಳಿ ಬೆಂಗಳೂರಿನಲ್ಲಿಯೂ ಕಡಿಮೆಯೇನಲ್ಲ. ಒಡಲನ್ನು ನೀರಿನ ಟ್ಯಾಂಕಿಗೆ ಬಿಗಿದಿದ್ದರೂ ಅದು ಕೊಸರಾಡಿತು. ಹಾಯಿಯಲ್ಲಿ ಸುಕ್ಕು ಕಂಡಿತು. ಕಂಬದ ಮೇಲಿನ ಮೂಲೆಯಿಂದ ಅಡ್ಡಗೋಲಿನ ತುದಿಯವರೆಗೆ ಓರೆಯಾಗಿ ಸುಕ್ಕು ಬಿದ್ದರೆ ಓರೆಗೋಲು ಸಡಿಲವಾಗಿದೆಯೆಂದು ಅರ್ಥ. ಇನ್ನೊಂದು ದಿಕ್ಕಿಗೆ, ಹಾಯಿಯ ನೆತ್ತಿಯಿಂದ ಕಂಬದ ಬುಡದ ಮೂಲೆಗೆ ಬಿದ್ದರೆ ಬಿಗಿ ಹೆಚ್ಚಾಗಿದೆ ಎಂದು. ಇದನ್ನು ಅವಳು ಬಾಯಿಪಾಠ ಮಾಡಿದಳು. ಗಾಳಿಗೆ ಎದುರಾಗಿ ದೋಣಿ ಹೇಗೆ ಹೋದೀತು ಎಂಬ ಅವಳ ಪ್ರಶ್ನೆಗೆ ಅಡುಗೆಮನೆಯ ಹುಣಸೆ ಬೀಜ ಉತ್ತರವಾಯಿತು. ಒದ್ದೆ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿದರೆ ಅದು ಬೆರಳುಗಳ ಕಡೆಗಲ್ಲ, ಮುಂದಕ್ಕೆ ಚಿಮ್ಮುತ್ತದೆ. ಹಾಯಿಯ ಮೇಲೆ ಗಾಳಿ ಒಂದು ಕಡೆಯಿಂದ, ನಡುಹಲಗೆಯ ಮೇಲೆ ನೀರು ಇನ್ನೊಂದು ಕಡೆಯಿಂದ ಒತ್ತುತ್ತವೆ, ದೋಣಿ ಮುಂದಕ್ಕೆ ಚಿಮ್ಮುತ್ತದೆ. ನೇರವಾಗಿ ಗಾಳಿಯ ಮುಖಕ್ಕೆ ಹೋಗಲಾಗದು, ಸುಮಾರು 45 ಅಂಶದ ಕೋನದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ ಹೋಗಬೇಕು. ಬಾಗಿದ ಹಾಯಿ ನಿಲ್ಲಿಸಿಟ್ಟ ರೆಕ್ಕೆಯೇ. ಜಕ್ಕೂರಿನ ಮೈದಾನದಿಂದ ಏಳುತ್ತಿದ್ದ ಪುಷ್ಪಕ್ ಎಂಬ ಪುಟ್ಟ ವಿಮಾನಗಳ ರೆಕ್ಕೆಗೂ ಬಟ್ಟೆಯನ್ನೇ ಹೊದಿಸುತ್ತಿದ್ದರೆಂದು ಅವರು ಹೇಳಿದರು. ಅದನ್ನು ಇದೇ ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿತ್ತು.

ನೀರು ಎಲ್ಲಿ? ಹೆಬ್ಬಾಳದ ಕೆರೆ ನಮಗೆ ಹತ್ತಿರ. ಅದು ಹೆಜ್ಜಾರ್ಲೆಗಳೂ ನೀರುಕಾಗೆಗಳೂ ಇರುವ ಜಾಗ, ಅಲ್ಲಿ ಹಾಯಿ ಬಿಡುವ ಮಾತಿಲ್ಲ, ಇರಲೂ ಬಾರದು. ಒಂದು ಭಾನುವಾರ ಮೊಮ್ಮಗಳನ್ನು ಹಲಸೂರು ಕೆರೆಗೆ ಕರೆದೊಯ್ದು, ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿ ಅಭ್ಯಾಸ ಮಾಡುವ ನೀರನ್ನು ದಡದಿಂದ ತೋರಿಸಿದರು. 1985ರಿಂದ 1987ರವರೆಗೆ 'ತೃಷ್ಣಾ' ಎಂಬ ಹಾಯಿಹಡಗಿನಲ್ಲಿ ಭೂಮಿಯನ್ನು ಸುತ್ತಿಬಂದ ಮೊದಲ ಭಾರತೀಯರು ಸೇನೆಯ ಎಂಜಿನಿಯರುಗಳೇ ಎಂಬುದನ್ನೂ ಹೇಳಿದರು. ನಮ್ಮ ದೋಣಿಗೆ ಮಾತ್ರ ಸ್ವರ್ಣೆಯೇ ಗತಿಯೆಂದು ನಿಶ್ಚಯವಾಯಿತು. ಅವರ ಅಕ್ಕನ ಮನೆ ಇಂದಿಗೂ ಆ ದಡದಲ್ಲಿದೆ.

ಮಗ ಮೂರು ಷರತ್ತು ಹಾಕಿದ. ಮಗಳು 50 ಮೀಟರ್ ಈಜಬೇಕು, ಜೀವರಕ್ಷಕ ಅಂಗಿಯಿಲ್ಲದೆ ದೋಣಿ ಹತ್ತಬಾರದು, ಮೊದಲು ಬೇಕೆಂದೇ ದೋಣಿಯನ್ನು ಮಗುಚಿ ನೋಡಬೇಕು. ಮೂರನ್ನೂ ಯಜಮಾನರು ಕಾಗದದ ಮೇಲೆ ಬರೆಸಿ ಗೋಡೆಗೆ ಅಂಟಿಸಿದರು. ಮಗುಚಿ ನೀರು ತುಂಬಿದ ದೋಣಿ ಮಗುವಿನ ಸಮೇತ ತೇಲಬೇಕಾದರೆ ಗಾಳಿ ತುಂಬಿದ ಚೀಲಗಳು ಬೇಕು. ಒಂದು ಲೀಟರ್ ಗಾಳಿ ನೀರಿನೊಳಗೆ ಸುಮಾರು ಒಂದು ಕಿಲೋ ಭಾರವನ್ನು ಎತ್ತಿಹಿಡಿಯುತ್ತದೆ. ನಮ್ಮದು ಐದು ಲೀಟರಿನ ಅಡುಗೆ ಎಣ್ಣೆಯ ಖಾಲಿ ಕ್ಯಾನುಗಳು, ಒಟ್ಟು 24. ದೇವಾಲಯದ ಹಬ್ಬದ ಊಟದಿಂದಲೇ ಒಂಬತ್ತು ದೊರೆತವು. ಮುಚ್ಚಳಗಳಿಗೆ ಅಂಟು ಹಾಕಿ, ಬಲೆಯಲ್ಲಿ ತುಂಬಿ, ಎರಡು ಪಕ್ಕಕ್ಕೂ ಹಿಂಬದಿಗೂ ಪಟ್ಟಿಗಳಿಂದ ಬಿಗಿದರು. ದೋಣಿ ಮಗುಚಿದಾಗ ಕಂಬ ಜಾರಿ ಹೊರಬರದಂತೆ ಬುಡದಲ್ಲಿ ಒಂದು ಕಟ್ಟು. ನೀರು ಮೊಗೆಯಲು ಕ್ಯಾನನ್ನೇ ಕೊಯ್ದು ಮಾಡಿದ ಮೊಗೆ. ಮೂತಿಗೆ ಎಂಟು ಮೀಟರಿನ ತೇಲುವ ಹಗ್ಗ. ಹೆಸರಿಡುವುದು ಮೊಮ್ಮಗಳ ಹಕ್ಕು. ತಾತ ಜೋಡಿಸುತ್ತಿದ್ದ ಗಡಿಯಾರದ ಹೆಸರನ್ನೇ ಬರೆದಳು: 'ಜನತಾ'.

2024ರ ಜನವರಿಯಲ್ಲಿ ಬಾಡಿಗೆಯ ಪಿಕಪ್ ಗಾಡಿಯಲ್ಲಿ ಜನತಾ ಶಿರಾಡಿ ಘಾಟಿ ಇಳಿಯಿತು. ಆ ತಿಂಗಳಿನಲ್ಲಿ ಕರಾವಳಿಯ ಗಾಳಿ ಕ್ರಮ ತಪ್ಪುವುದಿಲ್ಲ. ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುತ್ತದೆ, ನೆಲ ಕಾದ ಮೇಲೆ ಮಧ್ಯಾಹ್ನ ಕಡಲಿನಿಂದ ನೆಲಕ್ಕೆ. ಮೊದಲ ದಿನವಿಡೀ ಎದೆಮಟ್ಟದ ನೀರಿನಲ್ಲಿ ಮಗುಚುವ ಕೆಲಸವೇ ಆಯಿತು. ಮೊದಲನೆಯ ಸಲ ಎಡಗಡೆಯ ಬಲೆಯಿಂದ ಎರಡು ಕ್ಯಾನುಗಳು ನುಣುಚಿಕೊಂಡು ತೇಲಿಹೋದವು. ಅಕ್ಕನ ಮಗ ಈಜಿ ತಂದ. ಪಟ್ಟಿಯನ್ನು ಬದಲಿಸಿ ಕಟ್ಟಿದ ಮೇಲೆ ಎರಡನೆಯ ಸಲ, ಮೂರನೆಯ ಸಲ ಏನೂ ಕದಲಲಿಲ್ಲ. ಮೊಮ್ಮಗಳು ನಡುಹಲಗೆಯ ಮೇಲೆ ನಿಂತು ಹಿಂದಕ್ಕೆ ವಾಲಿದಳು, ಕಂಬ ನೀರಿನಿಂದ ಎದ್ದಿತು, ಒಳಕ್ಕೆ ಉರುಳಿಕೊಂಡು ನೀರು ಮೊಗೆಯತೊಡಗಿದಳು. ಮಗ ಒಂದೊಂದು ಗಂಟನ್ನೂ ತಾನೇ ಜಗ್ಗಿ ನೋಡಿದ. ಆ ಸಂಜೆ ಅವನಾಗಿಯೇ ತಂದೆಯ ಅಂಗಿಯ ಗುಂಡಿ ಹಾಕಿದ್ದನ್ನು ಕಂಡೆ. ಅವರು ಬೇಡವೆನ್ನಲಿಲ್ಲ.

ಮರುದಿನ ಮೂರು ಗಂಟೆಯ ಹೊತ್ತಿಗೆ ಪಡುವಣ ಗಾಳಿ ನೀರಿನ ಮೇಲೆ ಕಪ್ಪು ಗೆರೆಯಾಗಿ ಬಂತು. ಯಜಮಾನರು ಕೈಗಡಿಯಾರ ನೋಡಿ ಮಾತ್ರೆ ನುಂಗಿದರು. ತೆಂಗಿನ ಮರದ ಬುಡದ ಕಟ್ಟೆಯ ಮೇಲೆ ಕುಳಿತರು. ಅಕ್ಕನ ಮಗನ ಎಂಜಿನ್ ದೋಣಿ ದೂರದಲ್ಲಿ ಕಾವಲಿಗಿತ್ತು. ಜನತಾ ದಡ ಬಿಟ್ಟು, ಒಮ್ಮೆ ವಾಲಿ, ಮೊಂಡು ಮೂತಿಯ ಕೆಳಗೆ ನೀರು ಸದ್ದು ಮಾಡುತ್ತಾ ಎದುರಿನ ಕುದ್ರುವಿನ ಕಡೆಗೆ ಹೊರಟಿತು. ನಡುಹೊಳೆಯಲ್ಲಿ ಅದರ ವೇಗ ತಗ್ಗಿತು. ನಮಗೆಲ್ಲ ಕಂಡದ್ದು ಬಿಳಿಯ ಬಟ್ಟೆ ಮಾತ್ರ. ಅವರಿಗೆ ಸುಕ್ಕು ಕಂಡಿತ್ತು. ಎದ್ದು ನಿಂತು ಏನೋ ಕೂಗಿದರು. ಕೂಗಿದರೆಂದು ಅವರಿಗೆ ಅನ್ನಿಸಿರಬೇಕು, ಪಕ್ಕದಲ್ಲಿದ್ದ ನನಗೇ ಅದು ಸರಿಯಾಗಿ ಕೇಳಿಸಲಿಲ್ಲ. ಎದೆಯವರೆಗೆ ನೀರಿನಲ್ಲಿ ನಿಂತಿದ್ದ ಮಗ ಹಿಂದಿರುಗಿ, "ಏನಪ್ಪಾ?" ಎಂದ.

"ಓರೆಗೋಲು ಬಿಗಿ ಮಾಡಬೇಕು."

ಮಗ ಎರಡು ಕೈಗಳನ್ನು ಬಾಯಿಯ ಸುತ್ತ ಹಿಡಿದು ಹೊಳೆಯೆಲ್ಲ ಕೇಳುವಂತೆ, "ಓರೆಗೋಲು ಬಿಗಿ ಮಾಡು!" ಎಂದು ಕೂಗಿದ. ಅವಳು ಹಗ್ಗವನ್ನು ಎಳೆದು ಸಿಕ್ಕಿಸಿದಳು. ಸುಕ್ಕು ಹೋಯಿತು. ಕುದ್ರುವನ್ನು ಸುತ್ತಿ, ಆರು ಸಲ ಮಗ್ಗುಲು ಬದಲಿಸುತ್ತಾ, ನಲವತ್ತೊಂದು ನಿಮಿಷಗಳಲ್ಲಿ ಮರಳಿದಳು. ನಿಮಿಷದ ಲೆಕ್ಕ ಯಜಮಾನರದ್ದು.

ದೋಣಿ ಈಗ ಅಕ್ಕನ ಮನೆಯ ಕೊಟ್ಟಿಗೆಯಲ್ಲಿದೆ. ಎರಡು ವರ್ಷಗಳಲ್ಲಿ ಅವರ ಮಾತ್ರೆಯ ಪ್ರಮಾಣ ಹೆಚ್ಚಾಗಿದೆ, ನಡಿಗೆ ಸಣ್ಣದಾಗಿದೆ. ಮೊಮ್ಮಗಳು ಬೆಳೆಯುತ್ತಿದ್ದಾಳೆ. ಹದಿನೈದರ ನಂತರ ಈ ದೋಣಿ ಅವಳಿಗೆ ಚಿಕ್ಕದಾಗುತ್ತದೆ. ಬೀದಿಯ ಇನ್ನಿಬ್ಬರು ಮಕ್ಕಳು ಶನಿವಾರ ಗಂಟು ಕಲಿಯಲು ಬರುತ್ತಾರೆ. ಹುತ್ತ, ಹಾವು, ಮರದ ಕತೆಯನ್ನು ಅವರಿಗೆ ಅವಳೇ ಹೇಳುತ್ತಾಳೆ. ಮೊನ್ನೆ ಮಗ ಹಾರ್ಡ್‌ವೇರ್ ಅಂಗಡಿಯೊಂದರಿಂದ ಫೋನು ಮಾಡಿ, "ಅಮ್ಮಾ, ಅಪ್ಪನಿಗೆ ಕೊಡಿ. ಹಾಯಿಯ ಹಗ್ಗ ಸವೆದಿದೆಯಲ್ಲ, ಹೊಸದು ಏಳು ಮಿಲಿಮೀಟರಿನದೋ ಎಂಟರದೋ?" ಎಂದು ಕೇಳಿದ.